ದುಡ್ಡು ಕಟ್ ಆಯ್ತು, ಸೌಂಡ್‌ಬಾಕ್ಸ್ ಮಾತಾಡಲಿಲ್ಲ: ಎಕ್ಸೆಪ್ಶನ್ ಟೆಸ್ಟ್ ಮಾಡೋದು ಹೇಗೆ?

ಇಯರ್‌ಫೋನ್ ಹಾಕಿಕೊಂಡು ಮೆಟ್ರೋದಲ್ಲಿ ಕೂತು ಕೇಳ್ತಿರೋರು ಬಹಳ ಜನ ಇದ್ದೀರಿ. ಹಾಗಾಗಿ ಮೆಟ್ರೋ ಗೇಟಿನಿಂದಲೇ ಶುರು ಮಾಡ್ತೀನಿ.

ವಿಜಯನಗರ ಸ್ಟೇಷನ್ನಿನ ಗೇಟ್ ಮುಂದೆ ನಿಂತಿದ್ದೀರಿ ಅನ್ಕೊಳ್ಳಿ. ಕಾರ್ಡಿನಲ್ಲಿ ದುಡ್ಡು ಸಾಲದಿದ್ರೆ ಗೇಟ್ ತೆಗೆಯಬಾರದು, ಇದನ್ನ ಪರೀಕ್ಷೆ ಮಾಡಿ ಅಂತ ನಿಮಗೆ ಹೇಳಿದ್ದಾರೆ. ನೀವು ಖಾಲಿ ಕಾರ್ಡ್ ಹಿಡಿದ್ರಿ, ಗೇಟ್ ತೆಗೀಲಿಲ್ಲ. 'ಪಾಸ್' ಅಂತ ಬರೆದುಕೊಂಡು ಮನೆಗೆ ಹೋದ್ರಿ. ಆದರೆ ಆ ಗೇಟಿಗೆ ಆವತ್ತು ಕರೆಂಟೇ ಇರಲಿಲ್ಲ. ಐನೂರು ರೂಪಾಯಿ ಇರೋ ಕಾರ್ಡ್ ಹಿಡಿದಿದ್ದರೂ ಅದು ತೆಗೆಯುತ್ತಿರಲಿಲ್ಲ. ನಿಮ್ಮ ಪರೀಕ್ಷೆಯ ಫಲಿತಾಂಶ ಸರಿ, ಆದರೆ ಅದು ಏನನ್ನೂ ಹೇಳೋದಿಲ್ಲ.

ಯುನಿಟ್ ಟೆಸ್ಟಿನಲ್ಲಿ ಎಕ್ಸೆಪ್ಶನ್ ಬರಬೇಕು ಅಂತ ಪರೀಕ್ಷೆ ಮಾಡುವಾಗ ನಡೆಯೋ ಎಡವಟ್ಟಿನಲ್ಲಿ ಮುಕ್ಕಾಲು ಪಾಲು ಈ ಕರೆಂಟಿಲ್ಲದ ಗೇಟಿನ ಕಥೆಯೇ. ಬಾಗಿಲು ಮುಚ್ಚಿದೆ ಅನ್ನೋದನ್ನ ನೋಡ್ತೀವಿ, ಯಾಕೆ ಮುಚ್ಚಿದೆ ಅಂತ ಕೇಳೋದಿಲ್ಲ.

ನಾನು ಬಸವೇಶ್ವರನಗರದವನು, ಹಾವನೂರು ಸರ್ಕಲ್ ಹತ್ತಿರ ಮನೆ. ಕೋಡ್ ಬರೆಯೋದು ಹೊಟ್ಟೆಪಾಡು. ಶನಿವಾರ ಮಧ್ಯಾಹ್ನ ಕೆಂಗೇರಿ, ಮೈಸೂರು ರಸ್ತೆ ಕಡೆಯ ಇಂಜಿನಿಯರಿಂಗ್ ಕಾಲೇಜುಗಳಿಂದ ಫೈನಲ್ ಇಯರ್ ಮಕ್ಕಳು ಆರೇಳು ಜನ ಬಂದು ಕೂರ್ತಾರೆ, ಟೆಸ್ಟ್ ಬರೆಯೋದನ್ನ ಒಟ್ಟಿಗೆ ನೋಡ್ತೀವಿ. ಇವತ್ತು ಹೇಳೋದೆಲ್ಲ ಆ ಕೂಟದಲ್ಲಿ ಕಂಡಿದ್ದು, ಕೆಲಸದಲ್ಲಿ ಕಂಡಿದ್ದು. ಪ್ರೋಗ್ರಾಮಿಂಗ್ ಗೊತ್ತಿಲ್ಲದೋರು ಕೂಡ ಸ್ವಲ್ಪ ಹೊತ್ತು ಇರಿ. ಕೊನೆಗೆ ಇದು ನಿಮ್ಮ ಫೋನಿನ ದುಡ್ಡಿನ ವಿಷಯ.

ಮೊದಲು ಮೂರು ಪದ. ರಾಜಾಜಿನಗರದ ಯಾವುದೋ ದರ್ಶಿನಿಗೆ ಹೋಗಿ ಮಸಾಲೆ ದೋಸೆಗೆ ದುಡ್ಡು ಕೊಟ್ಟು ಟೋಕನ್ ತಗೊಂಡ್ರಿ. ಒಳಗಿಂದ ಕೂಗು ಬರುತ್ತೆ, 'ದೋಸೆ ಹಿಟ್ಟು ಮುಗೀತು!' ಮಾಮೂಲಿ ದಾರಿ ಬಿಟ್ಟು ಬಂದ ಈ ಕೂಗೇ ಎಕ್ಸೆಪ್ಶನ್. ಕೌಂಟರಿನಲ್ಲಿ ಇರೋರು ಅದನ್ನ ಕೇಳಿಸಿಕೊಂಡು ಒಂದೋ ದುಡ್ಡು ವಾಪಸ್ ಕೊಡಬೇಕು, ಇಲ್ಲ ಇಡ್ಲಿ ಆಗುತ್ತಾ ಅಂತ ಕೇಳಬೇಕು. ಅದು ಕ್ಯಾಚ್. ಕೂಗು ಕೇಳಿಯೂ ಕೇಳಿಸದ ಹಾಗೆ ಮುಂದಿನವರಿಗೆ ಟೋಕನ್ ಹರಿದುಕೊಡ್ತಾ ಇದ್ರೆ? ಅದೂ ಕ್ಯಾಚ್ ಮಾಡಿದ ಹಾಗೇ ಲೆಕ್ಕ, ಆದರೆ ಖಾಲಿ ಕ್ಯಾಚ್.

ಯುನಿಟ್ ಟೆಸ್ಟ್ ಅಂದ್ರೆ ಪ್ರೋಗ್ರಾಮಿನ ಒಂದು ಚಿಕ್ಕ ಭಾಗವನ್ನ ಮಾತ್ರ ಬೇರೆ ಮಾಡಿ ಪರೀಕ್ಷಿಸೋದು. ಇನ್ನು ಮಾಕ್. ಅಗ್ನಿಶಾಮಕ ದಳದೋರು ಅಣಕು ಪ್ರದರ್ಶನ ಮಾಡ್ತಾರಲ್ಲ, ಅದಕ್ಕೋಸ್ಕರ ಬಿಲ್ಡಿಂಗಿಗೆ ನಿಜವಾಗಿ ಬೆಂಕಿ ಹಚ್ಚೋದಿಲ್ಲ. 'ಮೂರನೇ ಮಹಡೀಲಿ ಬೆಂಕಿ ಬಿದ್ದಿದೆ ಅನ್ಕೊಳ್ಳಿ' ಅಂತ ಹೇಳಿ, ಜನ ಮೆಟ್ಟಿಲಿಳಿದು ಬರ್ತಾರಾ ಅಂತ ನೋಡ್ತಾರೆ. ಮಾಕ್ ಕೂಡ ಹಾಗೇ. ನಿಜವಾದ ಬ್ಯಾಂಕ್ ಸರ್ವರ್ ನಾವು ಕೇಳಿದಾಗ ಕೆಟ್ಟು ಕೂರೋದಿಲ್ಲ. ಅದರ ಜಾಗದಲ್ಲಿ ಒಂದು ಡಮ್ಮಿ ಇಟ್ಟು, 'ಈಗ ನೀನು ಕೆಟ್ಟಿದ್ದೀಯ' ಅಂತ ಹೇಳಿಕೊಡ್ತೀವಿ. ಜಾವಾದಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಬಳಸೋದು ಮಾಕಿಟೊ. ಮೊಹಿಟೊ ಅನ್ನೋ ಪಾನೀಯದ ಮೇಲಿನ ತಮಾಷೆ ಆ ಹೆಸರು. ಡಾಟ್‌ನೆಟ್‌ನಲ್ಲಿ ಮೋಕ್ ಇದೆ. ಪೈಥಾನಿನಲ್ಲಿ 2012ರ 3.3ನೇ ಆವೃತ್ತಿಯಿಂದ ಮಾಕ್ ಭಾಷೆಯ ಜೊತೆಗೇ ಬರುತ್ತೆ.

ಇಷ್ಟು ಸಾಕು. ಈಗ ಹೂವಿನ ಅಂಗಡಿಗೆ ಹೋಗೋಣ.

ವಿಜಯನಗರ ಮಾರ್ಕೆಟ್ಟಿನಲ್ಲಿ ನಮ್ಮ ಮನೆಯವರು ಯಾವಾಗಲೂ ಹೂ ತಗೊಳ್ಳೋದು ಒಬ್ಬ ಅಕ್ಕನ ಹತ್ತಿರ. ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ. ಹಬ್ಬದ ರೇಟು ನಿಮಗೆ ಗೊತ್ತು, ಮೊಳ ಮಲ್ಲಿಗೆ ಕೇಳಿದ್ರೆ ಎದೆ ಝಲ್ ಅನ್ನುತ್ತೆ. ನನ್ನ ಮುಂದಿದ್ದ ಹುಡುಗ ಸೇವಂತಿಗೆ ಮಾರು, ಮಲ್ಲಿಗೆ, ಕಮಲ ಎಲ್ಲ ಸೇರಿ 640 ರೂಪಾಯಿ ಸ್ಕ್ಯಾನ್ ಮಾಡಿದ. ಅವನ ಫೋನಿನಲ್ಲಿ ಬ್ಯಾಂಕಿನ ಎಸ್ಸೆಮ್ಮೆಸ್ ಬಂತು, ದುಡ್ಡು ಕಟ್. ಅಕ್ಕನ ಸೌಂಡ್‌ಬಾಕ್ಸ್ ಮಾತಾಡಲಿಲ್ಲ.

'ಬಂದಿಲ್ಲ ಕಣಪ್ಪ.'

'ಕಟ್ ಆಗಿದೆ ನೋಡಿ ಅಕ್ಕ, ಇಲ್ಲಿದೆ.'

'ನಿಂಗೆ ಕಟ್ ಆಗಿರ್ಬೋದು, ನಂಗೆ ಬರಬೇಕಲ್ಲ?'

ಹಿಂದೆ ಹದಿನೈದು ಜನ. ಆ ಹುಡುಗನ ಆ್ಯಪ್ ಏನು ತೋರಿಸ್ತಿತ್ತು ಗೊತ್ತಾ? 'ಪಾವತಿ ವಿಫಲ. ಮತ್ತೆ ಪ್ರಯತ್ನಿಸಿ.' ಕೆಳಗೆ ದೊಡ್ಡ ಬಟನ್. ಅವನು ಒತ್ತಿದ. ಈ ಸಲ ಸೌಂಡ್‌ಬಾಕ್ಸ್ ಮಾತಾಡ್ತು. ಹೂ ತಗೊಂಡು ಹೋದ. ಅವನ ಖಾತೆಯಿಂದ 1,280 ರೂಪಾಯಿ ಹೋಗಿತ್ತು.

ಮೊದಲನೇ 640 ಎಲ್ಲಿ ಹೋಯ್ತು? ಇದಕ್ಕೆ ನಿಯಮ ಇದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಯುಪಿಐನಲ್ಲಿ ದುಡ್ಡು ಕಟ್ ಆಗಿ ಅಂಗಡಿಗೆ ಖಚಿತ ಉತ್ತರ ತಲುಪದೇ ಹೋದರೆ, ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ತಾನಾಗೇ ವಾಪಸ್ ಬರಬೇಕು. ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಿದ್ದಾದರೆ ಒಂದೇ ದಿನ. ಅದು ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಕೇಳಿಸಿಕೊಳ್ಳಿ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಆದರೆ ಅದರಲ್ಲಿ ಇನ್ನೊಂದು ವಿಷಯ ಇದೆ. ದುಡ್ಡು ನಡುದಾರಿಯಲ್ಲಿ ಇದ್ದಾಗ ಅದು 'ವಿಫಲ' ಅಲ್ಲ. ಆ ಕ್ಷಣದಲ್ಲಿ ಇರೋ ಸತ್ಯ ಒಂದೇ: 'ಗೊತ್ತಿಲ್ಲ.' ಮೊದಲನೇದು ನಿಧಾನವಾಗಿ ತಲುಪಿಬಿಟ್ಟಿದ್ದರೆ ಅಕ್ಕನಿಗೆ ಎರಡು ಸಲ ದುಡ್ಡು, ಹುಡುಗನಿಗೆ ಜಗಳ. 'ಗೊತ್ತಿಲ್ಲ' ಅನ್ನೋದನ್ನ 'ಆಗಲಿಲ್ಲ' ಅಂತ ಅನುವಾದ ಮಾಡಿದ್ದು ಯಾವುದೋ ಒಂದು ಕ್ಯಾಚ್ ಬ್ಲಾಕ್.

ಆ ಕ್ಯಾಚ್ ಬ್ಲಾಕಿಗೆ ಟೆಸ್ಟ್ ಇರಲಿಲ್ಲ ಅಂತ ನಾನು ಹೇಳೋದಿಲ್ಲ. ಇದ್ದಿರಬಹುದು. ಹಸಿರೂ ಇದ್ದಿರಬಹುದು. ನಾನು ಹಿಂದೆ ಕೆಲಸ ಮಾಡಿದ ಒಂದು ಕಂಪನಿಯಲ್ಲಿ, ಹೆಸರು ಬೇಡ, ಇಂಥದ್ದೇ ಕೋಡ್ ಇತ್ತು, ಅದಕ್ಕೆ ಟೆಸ್ಟೂ ಇತ್ತು. ಟೆಸ್ಟಿನ ಹೆಸರು 'ಟೈಮ್‌ಔಟ್ ಆದಾಗ ಎಕ್ಸೆಪ್ಶನ್ ಬರಬೇಕು'. ಬರ್ತಿತ್ತು. ಎಕ್ಸೆಪ್ಶನ್ ಬಂದ ಮೇಲೆ ಲೆಡ್ಜರಿನಲ್ಲಿ ಏನು ಬರೆದಿದೆ, ಗ್ರಾಹಕರಿಗೆ ಏನು ಹೇಳಿದೆ ಅಂತ ಯಾರೂ ಕೇಳಿರಲಿಲ್ಲ. ಮಗುವಿನ ಸ್ಕೂಲ್ ಫೀಸ್ ಎರಡೆರಡು ಸಲ ಕಟ್ಟಿ, ತಿಂಗಳ ಕೊನೆಯಲ್ಲಿ ಬಾಡಿಗೆಗೆ ಪರದಾಡಿದ ಅಪ್ಪ-ಅಮ್ಮಂದಿರ ಕರೆಗಳು ಕಸ್ಟಮರ್ ಕೇರಿಗೆ ಬಂದ ಮೇಲೆ ಆ ಫೈಲ್ ತೆಗೆದು ನೋಡಿದ್ದು.

ಹಾಗಾದ್ರೆ ಅದನ್ನ ಹೇಗೆ ಬರೀಬೇಕು? ನಿಧಾನವಾಗಿ ಹೇಳ್ತೀನಿ.

ನಮ್ಮ ಹತ್ತಿರ 'ಪಾವತಿ ಸೇವೆ' ಅನ್ನೋ ಒಂದು ಕ್ಲಾಸ್ ಇದೆ. ಅದಕ್ಕೆ ಮೂರು ಜನ ನೆಂಟರು: ಬ್ಯಾಂಕ್ ಗೇಟ್‌ವೇ, ಲೆಡ್ಜರ್, ಮೆಸೇಜ್ ಕಳಿಸೋದು. ಮೂರಕ್ಕೂ ಮಾಕ್ ಮಾಡ್ತೀವಿ. ಗೇಟ್‌ವೇಗೆ ಹೇಳ್ತೀವಿ: ಡೆಬಿಟ್ ಮಾಡು ಅಂದಾಗ ಟೈಮ್‌ಔಟ್ ಎಕ್ಸೆಪ್ಶನ್ ಎಸಿ. ಮಾಕಿಟೊದಲ್ಲಿ ಅದು ವೆನ್, ದೆನ್‌ಥ್ರೋ. ವಾಪಸ್ ಏನೂ ಕೊಡದ ಮೆಥಡ್ ಆಗಿದ್ರೆ ಮೊದಲು ಡೂಥ್ರೋ, ಆಮೇಲೆ ವೆನ್. ಪೈಥಾನಿನಲ್ಲಿ ಸೈಡ್‌ಎಫೆಕ್ಟ್‌ಗೆ ಎಕ್ಸೆಪ್ಶನ್ ಕೊಟ್ರೆ ಮುಗೀತು. ಆಮೇಲೆ ಪಾವತಿ ಸೇವೆಯನ್ನ ಕರೀತೀವಿ. ಅದರಿಂದ 'ಪಾವತಿ ಬಾಕಿ ಇದೆ' ಅನ್ನೋ ನಮ್ಮದೇ ಎಕ್ಸೆಪ್ಶನ್ ಹೊರಗೆ ಬರಬೇಕು. ಅಷ್ಟೇ ಅಲ್ಲ. ಲೆಡ್ಜರಿನಲ್ಲಿ 'ಬಾಕಿ' ಅಂತ ಒಂದೇ ಸಲ ಬರೆದಿರಬೇಕು. 'ವಿಫಲ' ಅಂತ ಒಂದು ಸಲವೂ ಬರೆದಿರಬಾರದು. ಡೆಬಿಟ್ ಕರೆ ಎರಡನೇ ಸಲ ಹೋಗಿರಬಾರದು. 'ಮತ್ತೆ ಪ್ರಯತ್ನಿಸಿ' ಅನ್ನೋ ಮೆಸೇಜ್ ಹೋಗಿರಬಾರದು. ವೆರಿಫೈ, ನೆವರ್. ಈ ನೆವರ್ ಸಾಲುಗಳೇ ಟೆಸ್ಟಿನ ಜೀವ ಅಂತ ನನ್ನ ಅಭಿಪ್ರಾಯ. ಎಕ್ಸೆಪ್ಶನ್ ಬರೋದು ಅರ್ಧ ಕಥೆ, ಬಂದ ಮೇಲೆ ಏನೇನು ಆಗಲಿಲ್ಲ ಅನ್ನೋದು ಇನ್ನರ್ಧ.

ಇಲ್ಲಿ ಒಂದು ಹಳೇ ಗುಂಡಿ ಇದೆ. ಜೆಯುನಿಟ್ 4ರಲ್ಲಿ ಟೆಸ್ಟಿನ ತಲೆ ಮೇಲೆ 'ಎಕ್ಸ್‌ಪೆಕ್ಟೆಡ್ ಇಂಥಾ ಎಕ್ಸೆಪ್ಶನ್' ಅಂತ ಬರೆದುಬಿಡಬಹುದಿತ್ತು. ಹಳೇ ಪ್ರಾಜೆಕ್ಟುಗಳಲ್ಲಿ ಇವತ್ತಿಗೂ ಸಾವಿರಗಟ್ಟಲೆ ಇವೆ. ನೋಡೋಕೆ ಚಂದ, ಒಂದೇ ಸಾಲು. ತೊಂದರೆ ಎರಡು. ಒಂದು, ಆ ಮೆಥಡ್ಡಿನ ಯಾವ ಸಾಲಿನಲ್ಲಿ ಎಕ್ಸೆಪ್ಶನ್ ಬಂದರೂ ಪಾಸ್. ಪಾವತಿ ಮಾಡೋ ಮುಂಚೆ ಸೆಟಪ್ ಮಾಡೋ ಸಾಲಿನಲ್ಲೇ ಅದು ಬಂದುಬಿಟ್ಟರೂ ಪಾಸ್. ಎರಡನೇದು ಇನ್ನೂ ಕೆಟ್ಟದ್ದು. ಎಕ್ಸೆಪ್ಶನ್ ಬಂದ ಕೂಡಲೇ ಆ ಮೆಥಡ್ ಅಲ್ಲೇ ನಿಲ್ಲುತ್ತೆ. ಕೆಳಗೆ ನೀವು ಆಸೆಯಿಂದ ಬರೆದ ವೆರಿಫೈ ನೆವರ್ ಸಾಲುಗಳು ಓಡೋದೇ ಇಲ್ಲ. ಓದಿದೋರಿಗೆ ಪರೀಕ್ಷೆ ಆಗಿದೆ ಅನ್ಸುತ್ತೆ. ಆಗಿಲ್ಲ.

ಇದು ಎಲ್ಲರಿಗೂ ನಿಧಾನವಾಗಿ ಅರ್ಥ ಆಯ್ತು. ಡಾಟ್‌ನೆಟ್ ಕಡೆಯ ಎನ್‌ಯುನಿಟ್ 2015ರ ಮೂರನೇ ಆವೃತ್ತಿಯಲ್ಲಿ ಆ ಗುರುತನ್ನ ಕಿತ್ತೇ ಹಾಕಿತು. 2017ರಲ್ಲಿ ಬಂದ ಜೆಯುನಿಟ್ 5ರಲ್ಲಿ ಅದಿಲ್ಲ, ಅಸರ್ಟ್‌ಥ್ರೋಸ್ ಇದೆ. 2020ರಲ್ಲಿ ಜೆಯುನಿಟ್ 4.13ಕ್ಕೂ ಅಸರ್ಟ್‌ಥ್ರೋಸ್ ಕೊಟ್ಟರು. ಇದರಲ್ಲಿ ನೀವು ಅನುಮಾನ ಇರೋ ಆ ಒಂದೇ ಸಾಲನ್ನ ಒಂದು ಚಿಕ್ಕ ಫಂಕ್ಷನ್ನಿನಲ್ಲಿ ಸುತ್ತಿ ಕೊಡ್ತೀರಿ. ಎಕ್ಸೆಪ್ಶನ್ ಅಲ್ಲಿಂದಲೇ ಬರಬೇಕು. ಬಂದ ಎಕ್ಸೆಪ್ಶನ್ ನಿಮ್ಮ ಕೈಗೆ ವಾಪಸ್ ಸಿಗುತ್ತೆ. ಟೆಸ್ಟ್ ಮುಂದುವರಿಯುತ್ತೆ, ವೆರಿಫೈ ಸಾಲುಗಳು ಓಡುತ್ತವೆ.

ಈಗ ಶನಿವಾರದ ಕೂಟದ ಒಂದು ಮಾತು. ಕೆಂಗೇರಿ ಉಪನಗರದಿಂದ ಬರೋ ಒಬ್ಬ ಹುಡುಗಿ, ಬಹಳ ಚುರುಕು. ಮೆಟ್ರೋ ಕಾರ್ಡಿನದೇ ಒಂದು ಆಟದ ಪ್ರಾಜೆಕ್ಟ್ ಮಾಡ್ತಿದ್ಳು. ಕಾರ್ಡಿನ ಬಾಕಿ ಹಣ ದರಕ್ಕಿಂತ ಕಡಿಮೆ ಇದ್ರೆ 'ಹಣ ಸಾಲದು' ಅನ್ನೋ ಎಕ್ಸೆಪ್ಶನ್. ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ್ಳು.

'ಸರ್, ಒಂದು ವಿಚಿತ್ರ ನೋಡಿ. ಮಾಕ್ ಕಾರ್ಡಿಗೆ 20 ರೂಪಾಯಿ ಬಾಕಿ ಅಂತ ಹೇಳಿದ್ದೆ, ಟೆಸ್ಟ್ ಪಾಸ್. ಈಗ 2,000 ಅಂತ ಮಾಡಿದೀನಿ. ಆಗ್ಲೂ ಪಾಸ್!'

ಕೂತವರೆಲ್ಲ ಸುತ್ತ ಸೇರಿದ್ರು. ಕಾರಣ ಸಿಗೋಕೆ ಹತ್ತು ನಿಮಿಷ ಹಿಡೀತು. ಅವಳು ಮಾಕಿಗೆ ಹೇಳಿಕೊಟ್ಟಿದ್ದು ಒಂದು ಕಾರ್ಡ್ ನಂಬರಿಗೆ, ಕರೆ ಹೋಗ್ತಿದ್ದಿದ್ದು ಇನ್ನೊಂದು ನಂಬರಿಗೆ, ಕೊನೆಯ ಅಂಕಿ ಬೇರೆ. ಹೇಳಿಕೊಡದ ಪ್ರಶ್ನೆ ಕೇಳಿದ್ರೆ ಮಾಕ್ ಸುಮ್ಮನಿರೋದಿಲ್ಲ, ತನ್ನ ಮಾಮೂಲಿ ಉತ್ತರ ಕೊಡುತ್ತೆ. ಮಾಕಿಟೊದಲ್ಲಿ ಸಂಖ್ಯೆ ಕೇಳಿದ್ರೆ ಸೊನ್ನೆ, ಹೌದು-ಇಲ್ಲ ಕೇಳಿದ್ರೆ ಇಲ್ಲ, ಪಟ್ಟಿ ಕೇಳಿದ್ರೆ ಖಾಲಿ ಪಟ್ಟಿ, ಬೇರೆ ವಸ್ತು ಕೇಳಿದ್ರೆ ನಲ್. ಬಾಕಿ ಹಣ ಸೊನ್ನೆ. ಸೊನ್ನೆ ದರಕ್ಕಿಂತ ಕಡಿಮೆ. ಎಕ್ಸೆಪ್ಶನ್ ಬಂತು. ಹಸಿರು.

ಇದನ್ನ ನಾನು ಪದೇ ಪದೇ ಹೇಳ್ತಾ ಇರ್ತೀನಿ. ಯಶಸ್ಸಿನ ಟೆಸ್ಟಿನಲ್ಲಿ ಮಾಕಿನ ಈ ಸೊನ್ನೆ, ನಲ್ ಬೇಗ ಸಿಕ್ಕಿಬೀಳುತ್ತವೆ, ಉತ್ತರ ತಪ್ಪಾಗಿ ಬರುತ್ತೆ, ಕೆಂಪು. ವೈಫಲ್ಯದ ಟೆಸ್ಟಿನಲ್ಲಿ ಅವು ನಮ್ಮ ಕಡೆ ಸೇರಿಕೊಂಡು ಸುಳ್ಳು ಸಾಕ್ಷಿ ಹೇಳುತ್ತವೆ. ಯಾಕಂದ್ರೆ ಖಾಲಿ, ಸೊನ್ನೆ, ಇಲ್ಲ ಇವೆಲ್ಲ ಸ್ವಭಾವದಲ್ಲೇ ವೈಫಲ್ಯದ ಕಡೆ ವಾಲಿದ ಉತ್ತರಗಳು.

ಔಷಧಿ ಏನು? ಎಕ್ಸೆಪ್ಶನ್ನಿನ ಜೇಬು ನೋಡಿ. 'ಹಣ ಸಾಲದು' ಅನ್ನೋ ಎಕ್ಸೆಪ್ಶನ್ ಬರೀ ಹೆಸರಾಗಿದ್ರೆ ಸಾಲದು, ಒಳಗೆ ಬಾಕಿ ಎಷ್ಟಿತ್ತು, ಬೇಕಾಗಿದ್ದು ಎಷ್ಟು ಅಂತ ಇಟ್ಟುಕೊಂಡಿರಬೇಕು. ಅಸರ್ಟ್‌ಥ್ರೋಸ್ ಕೈಗೆ ಕೊಟ್ಟ ವಸ್ತುವಿನಿಂದ ತೆಗೆದು ನೋಡಿ: ಬಾಕಿ 20 ಇರಬೇಕು. ಸೊನ್ನೆ ಬಂದ್ರೆ ಕಳ್ಳ ಸಿಕ್ಕಿಬಿದ್ದ. ಆ ಹುಡುಗಿ ಅವತ್ತೇ ಹಾಗೆ ಮಾಡಿದ್ಳು, ಟೆಸ್ಟ್ ಕೆಂಪಾಯ್ತು, ಅವಳ ಮುಖ ಅರಳಿತು. ಟೆಸ್ಟ್ ಕೆಂಪಾದಾಗ ನಗೋರನ್ನ ಕೆಲಸಕ್ಕೆ ತಗೋಬೇಕು ಅಂತ ನಾನು ಆವತ್ತು ಅಂದೆ. ಅವಳು ಈಗ ಇಂಟರ್‌ವ್ಯೂಗಳಿಗೆ ಹೋಗ್ತಿದ್ದಾಳೆ.

ಇನ್ನೊಂದು ಔಷಧಿ ಮಾಕಿಟೊದ ಕಟ್ಟುನಿಟ್ಟಿನ ಮೋಡ್. ಜೆಯುನಿಟ್ 5ರ ಜೊತೆ ಮಾಕಿಟೊ ಎಕ್ಸ್‌ಟೆನ್ಶನ್ ಹಾಕಿಕೊಂಡರೆ ಅದು ತಾನಾಗೇ ಆನ್ ಇರುತ್ತೆ. ಹೇಳಿಕೊಟ್ಟ ನಂಬರ್ ಒಂದು, ಕರೆದ ನಂಬರ್ ಇನ್ನೊಂದು ಆದ್ರೆ ಮಾಕಿಟೊ ತಾನೇ ಒಂದು ಎಕ್ಸೆಪ್ಶನ್ ಎಸೆದು ಗಲಾಟೆ ಮಾಡುತ್ತೆ. ಒಳ್ಳೇದು. ಆದ್ರೆ ನಮ್ಮ ಜನ ಅದನ್ನೂ ಮಣಿಸಿಬಿಡ್ತಾರೆ! ಹೇಗೆ ಅಂದ್ರೆ, ಅಸರ್ಟ್‌ಥ್ರೋಸ್‌ಗೆ 'ಹಣ ಸಾಲದು' ಅಂತ ನಿರ್ದಿಷ್ಟ ಹೆಸರು ಕೊಡೋ ಬದಲು ರನ್‌ಟೈಮ್ ಎಕ್ಸೆಪ್ಶನ್ ಅಂತ ವಂಶದ ತಾತನ ಹೆಸರು ಕೊಟ್ಟಿರ್ತಾರೆ. ಅಸರ್ಟ್‌ಥ್ರೋಸ್ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಒಪ್ಪಿಕೊಳ್ಳುತ್ತೆ. ಮಾಕಿಟೊ ಎಸೆದ ಆ ಎಚ್ಚರಿಕೆಯೂ ರನ್‌ಟೈಮ್ ಎಕ್ಸೆಪ್ಶನ್ನಿನ ವಂಶದ್ದೇ. ನಲ್ ಪಾಯಿಂಟರ್ ಕೂಡ ಅದೇ ವಂಶ. ಎಲ್ಲರಿಗೂ ಪಾಸ್. ನಿಖರವಾಗಿ ಇದೇ ಬೇಕು, ಮಕ್ಕಳು ಬೇಡ ಅನ್ನೋರಿಗೆ ಜೆಯುನಿಟ್ 5.8ರಿಂದ ಅಸರ್ಟ್‌ಥ್ರೋಸ್‌ಎಕ್ಸಾಕ್ಟ್‌ಲಿ ಇದೆ. ಅದು ಎಲ್ಲ ಕಡೆ ಬೇಕಿಲ್ಲ, ಆದರೆ ತಾತನ ಹೆಸರು ಮಾತ್ರ ಕೊಡಬೇಡಿ.

ಪೈಥಾನ್ ಬರೆಯೋರಿಗೆ, ಜಾವಾಸ್ಕ್ರಿಪ್ಟ್ ಬರೆಯೋರಿಗೆ ಬೇಗ ಬೇಗ ಹೇಳಿಬಿಡ್ತೀನಿ. ಪೈಟೆಸ್ಟಿನ ರೇಯ್ಸಸ್ ಬ್ಲಾಕಿನ ಒಳಗೆ, ಎಕ್ಸೆಪ್ಶನ್ ಬರೋ ಸಾಲಿನ ಕೆಳಗೆ ಅಸರ್ಟ್ ಬರೆದ್ರೆ ಅದು ಓಡೋದಿಲ್ಲ, ಬ್ಲಾಕಿನಿಂದ ಹೊರಗೆ ತನ್ನಿ. ಜೆಸ್ಟಿನಲ್ಲಿ ಫಂಕ್ಷನ್ನನ್ನ ನೀವೇ ಕರೆದು ಉತ್ತರವನ್ನ ಎಕ್ಸ್‌ಪೆಕ್ಟ್‌ಗೆ ಕೊಡಬೇಡಿ, ಕರೆಯೋ ಕೆಲಸ ಅದಕ್ಕೇ ಬಿಡಿ. ಮತ್ತೆ ಅಸಿಂಕ್ ಇದ್ದ ಕಡೆ ಅವೇಟ್ ಮರೆತರೆ, ಎಕ್ಸೆಪ್ಶನ್ ಬರೋ ಮುಂಚೆಯೇ ಟೆಸ್ಟ್ ಮುಗಿದು ಹಸಿರು ದೀಪ ಹತ್ತಿರುತ್ತೆ. ಬಸ್ ಬರೋ ಮುಂಚೆ ಬಸ್‌ಸ್ಟಾಪ್ ಬಿಟ್ಟು ಹೋಗಿ 'ಬಸ್ ಬರಲಿಲ್ಲ' ಅಂದ ಹಾಗೆ.

ಇಲ್ಲಿಯವರೆಗೆ ಹೇಳಿದ್ದು ಟೆಸ್ಟ್ ಬರೆಯೋ ಕೈಚಳಕ. ಇದಕ್ಕಿಂತ ನನ್ನನ್ನ ಕಾಡೋದು ಇನ್ನೊಂದು: ಅಣಕಿನ ಬೆಂಕಿ ನಿಜವಾದ ಬೆಂಕಿಯ ಹಾಗೆ ಇಲ್ಲದೇ ಹೋದ್ರೆ?

ಪೈಥಾನಿನಲ್ಲಿ ರಿಕ್ವೆಸ್ಟ್ಸ್ ಅನ್ನೋ ಲೈಬ್ರರಿ ಬಳಸದೋರು ಕಡಿಮೆ. ಬೇರೆ ಸರ್ವರ್ ಜೊತೆ ಮಾತಾಡೋಕೆ ಅದು. ಸರ್ವರ್ ಹೊತ್ತಿಗೆ ಸರಿಯಾಗಿ ಉತ್ತರ ಕೊಡದಿದ್ರೆ ಅದು ತನ್ನದೇ ಟೈಮ್‌ಔಟ್ ಅನ್ನೋ ಎಕ್ಸೆಪ್ಶನ್ ಎಸೆಯುತ್ತೆ. ಪೈಥಾನ್ ಭಾಷೆಗೂ ಟೈಮ್‌ಔಟ್‌ಎರರ್ ಅಂತ ಒಂದಿದೆ. ಹೆಸರು ಅಣ್ಣತಮ್ಮಂದಿರ ಹಾಗೆ, ಆದರೆ ಒಂದು ಇನ್ನೊಂದರ ಮಗನಲ್ಲ. ಕೋಡ್ ಬರೆದವರು ಟೈಮ್‌ಔಟ್‌ಎರರ್ ಹಿಡಿಯೋಕೆ ಕ್ಯಾಚ್ ಬರೆದ್ರು. ಟೆಸ್ಟ್ ಬರೆದವರೂ ಅವರೇ, ಮಾಕಿಗೆ ಅದೇ ಟೈಮ್‌ಔಟ್‌ಎರರ್ ಎಸಿ ಅಂದ್ರು. ಎಸೆದಿದ್ದು ಹಿಡಿದಾಯ್ತು, ಹಸಿರು. ನಿಜವಾದ ದಿನ ಬಂದಾಗ ರಿಕ್ವೆಸ್ಟ್ಸ್ ತನ್ನ ಟೈಮ್‌ಔಟ್ ಎಸೀತು, ಅದು ಬಲೆಯ ಪಕ್ಕದಲ್ಲೇ ಹೊರಗೆ ಹೋಯ್ತು. ಒಂದೇ ತಪ್ಪು ತಿಳಿವಳಿಕೆಯನ್ನ ಎರಡು ಕಡೆ ಬರೆದ್ರೆ ಎರಡೂ ಒಂದಕ್ಕೊಂದು ಹೌದು ಅಂತವೆ. ಇನ್ನೂ ಇದೆ: ಸರ್ವರ್ 500 ಅಂತ ಉತ್ತರ ಕೊಟ್ರೆ ರಿಕ್ವೆಸ್ಟ್ಸ್ ತಾನಾಗಿ ಎಕ್ಸೆಪ್ಶನ್ ಎಸೆಯೋದೇ ಇಲ್ಲ, ನೀವು ಕೇಳಬೇಕು. ಮಾಕ್ ಮಾತ್ರ ಧಾರಾಳವಾಗಿ ಎಸೆಯುತ್ತೆ. ಜಾವಾದಲ್ಲಿ ಒಂದು ಸಣ್ಣ ಕಾವಲು ಇದೆ. ಮೆಥಡ್ ತಾನು ಎಸೆಯೋದಿಲ್ಲ ಅಂತ ಹೇಳಿರೋ ಚೆಕ್ಡ್ ಎಕ್ಸೆಪ್ಶನ್ನನ್ನ ಎಸಿ ಅಂದ್ರೆ ಮಾಕಿಟೊ ಒಪ್ಪೋದಿಲ್ಲ. ಅನ್‌ಚೆಕ್ಡ್ ಆದ್ರೆ ಒಪ್ಪಿಬಿಡುತ್ತೆ. ಪೈಥಾನಿನ ಮಾಕ್ ಯಾವುದಕ್ಕೂ ಬೇಡ ಅನ್ನೋದಿಲ್ಲ.

ಹಾಗಾಗಿ ಮಾಕಿನಿಂದ ಏನು ಎಸೆಯಬೇಕು ಅಂತ ಊಹೆ ಮಾಡಬೇಡಿ. ಒಂದು ಸಲ ನಿಜವಾಗಿ ಕೆಡಿಸಿ ನೋಡಿ. ಲ್ಯಾಪ್‌ಟಾಪಿನಲ್ಲಿ ಒಂದು ಪುಟ್ಟ ಸರ್ವರ್ ಎಬ್ಬಿಸಿ, ಅದು ಉತ್ತರ ಕೊಡದೆ ನಿದ್ದೆ ಹೊಡೆಯೋ ಹಾಗೆ ಮಾಡಿ, ನಿಮ್ಮ ಲೈಬ್ರರಿ ಏನು ಎಸೆಯುತ್ತೆ ಅಂತ ಕಣ್ಣಾರೆ ನೋಡಿ, ಆಮೇಲೆ ಅದನ್ನೇ ಮಾಕಿಗೆ ಹೇಳಿಕೊಡಿ. ಅರ್ಧ ಗಂಟೆ ಕೆಲಸ.

ಅಣಕು ಮತ್ತು ನಿಜದ ನಡುವಿನ ಈ ಬಿರುಕಿಗೆ ಚರಿತ್ರೆಯಲ್ಲಿ ದೊಡ್ಡ ಉದಾಹರಣೆ ಇದೆ. 1996ರ ಜೂನ್ 4. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕೌರು. ಯುರೋಪಿನ ಏರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟ. ಹೊರಟು ಸುಮಾರು 40 ಸೆಕೆಂಡಿಗೆ ದಾರಿ ತಪ್ಪಿ, ಒಡೆದು, ಸಿಡಿದುಹೋಯ್ತು. ಜೊತೆಗೆ ಕ್ಲಸ್ಟರ್ ಅನ್ನೋ ನಾಲ್ಕು ವೈಜ್ಞಾನಿಕ ಉಪಗ್ರಹಗಳು. ಕಾರಣ ಒಂದು ಎಕ್ಸೆಪ್ಶನ್. ದಿಕ್ಕು, ವೇಗ ಲೆಕ್ಕ ಹಾಕೋ ಘಟಕದಲ್ಲಿ 64 ಬಿಟ್ಟಿನ ದಶಮಾಂಶ ಸಂಖ್ಯೆಯನ್ನ 16 ಬಿಟ್ಟಿನ ಪೂರ್ಣಾಂಕದ ಡಬ್ಬಿಗೆ ತುಂಬೋಕೆ ಹೋದ್ರು, ಹಿಡೀಲಿಲ್ಲ. ಆ ಎಕ್ಸೆಪ್ಶನ್ನಿಗೆ ಅಲ್ಲಿ ಕ್ಯಾಚ್ ಇರಲಿಲ್ಲ. ಘಟಕ ತನ್ನನ್ನ ತಾನೇ ಬಂದ್ ಮಾಡಿಕೊಂಡಿತು. ಬ್ಯಾಕಪ್ ಘಟಕ? ಅದರಲ್ಲೂ ಅದೇ ಸಾಫ್ಟ್‌ವೇರ್, ಅದು ಇನ್ನೂ ಮುಂಚೆಯೇ ನಿಂತಿತ್ತು. ಆ ಲೆಕ್ಕ ಏರಿಯಾನ್ 4ರಿಂದ ಹಾಗೇ ತಂದದ್ದು, ಹೊಸ ರಾಕೆಟ್ ಹೊರಟ ಮೇಲೆ ಅದರ ಅಗತ್ಯವೇ ಇರಲಿಲ್ಲ.

ನನಗೆ ಮುಖ್ಯ ಅನ್ಸೋದು ತನಿಖಾ ಮಂಡಳಿಯ ವರದಿಯ ಇನ್ನೊಂದು ಮಾತು. ಹಾರಾಟಕ್ಕೆ ಮುಂಚೆ ಇಡೀ ವ್ಯವಸ್ಥೆಯನ್ನ ಸಿಮ್ಯುಲೇಶನ್ನಿನಲ್ಲಿ ಪರೀಕ್ಷಿಸಿದ್ರು. ಆದರೆ ಆ ಪರೀಕ್ಷೆಯಲ್ಲಿ ಈ ಘಟಕದ ಜಾಗದಲ್ಲಿ ನಿಜವಾದ ಘಟಕ ಇರಲಿಲ್ಲ, ಅದರ ಉತ್ತರಗಳನ್ನ ನಕಲು ಮಾಡೋ ಡಮ್ಮಿ ಇತ್ತು. ಅಂದ್ರೆ ಮಾಕ್. ಡಮ್ಮಿ ಯಾವತ್ತೂ ಎಕ್ಸೆಪ್ಶನ್ ಎಸೀಲಿಲ್ಲ, ಯಾಕಂದ್ರೆ ಎಸಿ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ. ದೂರದ ಊರಿನ ಕಥೆ ಅನ್ಕೋಬೇಡಿ. ಆಮೇಲೆ ಅದೇ ಏರಿಯಾನ್ 5 ನಂಬಿಕಸ್ತ ರಾಕೆಟ್ ಆಯ್ತು, 2018ರ ಡಿಸೆಂಬರಿನಲ್ಲಿ ಇಸ್ರೋದ 5,854 ಕೆ.ಜಿ. ತೂಕದ ಜಿಸ್ಯಾಟ್-11 ಹೋಗಿದ್ದು ಅದರಲ್ಲೇ, ಬೇರ್ಪಟ್ಟ ಮೇಲೆ ಅದರ ನಿಯಂತ್ರಣ ಕೈಗೆ ತಗೊಂಡಿದ್ದು ನಮ್ಮ ಹಾಸನದ ಕೇಂದ್ರ.

ರಾಕೆಟ್ ಬಿಡಿ, ಸಾಮಾನ್ಯ ಸರ್ವರ್‌ಗಳ ಕಥೆಯೂ ಹೀಗೇ. ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ರು. ಕಸಾಂಡ್ರಾ, ಎಚ್‌ಬೇಸ್, ರೆಡಿಸ್ ಸೇರಿ ಐದು ದೊಡ್ಡ ಸಾಫ್ಟ್‌ವೇರುಗಳಲ್ಲಿ ಬಳಕೆದಾರರು ವರದಿ ಮಾಡಿದ 198 ವೈಫಲ್ಯಗಳನ್ನ ಬಿಡಿಸಿ ನೋಡಿದ್ರು. ಇಡೀ ವ್ಯವಸ್ಥೆಯನ್ನ ಮಲಗಿಸಿದ ಅತಿ ದೊಡ್ಡ ವೈಫಲ್ಯಗಳಲ್ಲಿ ಶೇ 92ರಷ್ಟರಲ್ಲಿ ಸಾಫ್ಟ್‌ವೇರ್ 'ಇಲ್ಲಿ ತೊಂದರೆ ಆಗಿದೆ' ಅಂತ ಸ್ಪಷ್ಟವಾಗಿ ಹೇಳಿತ್ತು, ಅದನ್ನ ನಿಭಾಯಿಸಿದ್ದು ತಪ್ಪಾಗಿತ್ತು. ಶೇ 58ರಷ್ಟನ್ನ ಆ ನಿಭಾಯಿಸೋ ಕೋಡಿಗೆ ಸರಳವಾದ ಟೆಸ್ಟ್ ಬರೆದಿದ್ದರೆ ಮುಂಚೆಯೇ ಹಿಡಿಯಬಹುದಿತ್ತು. ಕೆಲವು ಕ್ಯಾಚ್ ಬ್ಲಾಕುಗಳಂತೂ ಖಾಲಿ, ಕೆಲವುದರಲ್ಲಿ 'ಆಮೇಲೆ ಮಾಡಬೇಕು' ಅನ್ನೋ ಕಾಮೆಂಟ್ ಮಾತ್ರ.

ಮತ್ತೆ ಹೂವಿನ ಅಂಗಡಿಗೆ ಅಲ್ಲ, ಅದರ ಹಿಂದಿನ ತಂತಿಗೆ ಬರೋಣ. ಟೈಮ್‌ಔಟ್ ಆಯ್ತು, 'ಗೊತ್ತಿಲ್ಲ' ಅಂತ ಬರೆದುಕೊಂಡ್ವಿ. ಮುಂದೆ? ಬ್ಯಾಂಕನ್ನ ಕೇಳಬೇಕು, 'ಆ ವ್ಯವಹಾರ ಏನಾಯ್ತು?' ಅಂತ. ಎಷ್ಟು ಸಲ ಕೇಳಬಹುದು? ಆತುರದಲ್ಲಿ ಎಲ್ಲ ಆ್ಯಪುಗಳೂ ಒಟ್ಟಿಗೆ ಕೇಳ್ತಾ ಕೂತ್ರೆ ಆ ಕೇಳೋ ಗಲಾಟೆಯೇ ವ್ಯವಸ್ಥೆ ಮೇಲೆ ಹೊರೆ. 2025ರ ಆಗಸ್ಟ್ 1ರಿಂದ ಎನ್‌ಪಿಸಿಐ ಇದಕ್ಕೆ ಕಡಿವಾಣ ಹಾಕಿದೆ: ಬಾಕಿ ಇರೋ ವ್ಯವಹಾರದ ಸ್ಥಿತಿಯನ್ನ ಮೂರು ಸಲ ಮಾತ್ರ ಕೇಳಬಹುದು, ನಡುವೆ 90 ಸೆಕೆಂಡ್ ಅಂತರ ಇರಬೇಕು.

ಇದು ಮಾಕಿಗೆ ಹೇಳಿ ಮಾಡಿಸಿದ ಪರೀಕ್ಷೆ. ಮಾಕ್ ಗೇಟ್‌ವೇಗೆ ಸರದಿ ಹೇಳಿಕೊಡಿ: ಮೊದಲ ಸಲ ಟೈಮ್‌ಔಟ್, ಎರಡನೇ ಸಲ ಟೈಮ್‌ಔಟ್, ಮೂರನೇ ಸಲ 'ಆಗಿದೆ'. ಲೆಡ್ಜರಿನಲ್ಲಿ 'ಆಗಿದೆ' ಬರಬೇಕು, ಡೆಬಿಟ್ ಒಂದೇ ಸಲ ಹೋಗಿರಬೇಕು. ಇನ್ನೊಂದು ಟೆಸ್ಟಿನಲ್ಲಿ ಮೂರಕ್ಕೆ ಮೂರೂ ಟೈಮ್‌ಔಟ್. ಆಗ ನಾಲ್ಕನೇ ಸಲ ಕೇಳಿರಬಾರದು: ವೆರಿಫೈ, ಟೈಮ್ಸ್ ಮೂರು. ಮತ್ತೆ ದಯವಿಟ್ಟು ಟೆಸ್ಟಿನಲ್ಲಿ ನಿಜವಾಗಿ 90 ಸೆಕೆಂಡ್ ಕಾಯಬೇಡಿ. ಗಡಿಯಾರವನ್ನೂ ಡಮ್ಮಿ ಮಾಡಿ, 90 ಸೆಕೆಂಡ್ ಮುಂದಕ್ಕೆ ತಿರುಗಿಸಿ. ಒಂದು ಟೆಸ್ಟಿಗೆ ಮೂರು ನಿಮಿಷ ಅಂದ್ರೆ ಯಾರೂ ಅದನ್ನ ಓಡಿಸೋದಿಲ್ಲ, ಎರಡು ವಾರದಲ್ಲಿ ಯಾರೋ ಅದನ್ನ ಇಗ್ನೋರ್ ಅಂತ ಗುರುತು ಹಾಕಿರ್ತಾರೆ.

ಕಳೆದ ಸಂಚಿಕೆ ಆದಮೇಲೆ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು: 'ಅಣ್ಣ, ಎಲ್ಲ ಎಕ್ಸೆಪ್ಶನ್ನಿಗೂ ಟೆಸ್ಟ್ ಬರೀತಾ ಕೂತ್ರೆ ಕೆಲಸ ಯಾವಾಗ ಮಾಡೋದು? ಮ್ಯಾನೇಜರ್ ಒಪ್ಪಲ್ಲ.' ನ್ಯಾಯವಾದ ಪ್ರಶ್ನೆ. ಎಲ್ಲದಕ್ಕೂ ಬರೆಯೋದು ಬೇಡ. ಖಾಲಿ ಹೆಸರು ಕೊಟ್ರೆ ಎಕ್ಸೆಪ್ಶನ್ ಬರುತ್ತೆ ಅನ್ನೋ ಥರದ ಟೆಸ್ಟ್ ನಾನೂ ಎಷ್ಟೋ ಸಲ ಬರೆಯೋದಿಲ್ಲ. ನಾನು ಹುಡುಕೋದು ಕ್ಯಾಚ್ ಬ್ಲಾಕುಗಳನ್ನ. ದುಡ್ಡು, ಔಷಧಿ, ಟಿಕೆಟ್, ಮಾರ್ಕ್ಸ್ ಇಂಥದ್ದನ್ನ ಮುಟ್ಟೋ ಕ್ಯಾಚ್ ಬ್ಲಾಕ್ ಯಾವುದಿದೆಯೋ ಅದಕ್ಕೆ ಮೊದಲು.

ಬರೆದ ಮೇಲೆ ಒಂದೇ ಒಂದು ಕೆಲಸ. ಎಕ್ಸೆಪ್ಶನ್ ಎಸೆಯೋ ಸಾಲಿಗೆ ಕಾಮೆಂಟ್ ಹಾಕಿ ಟೆಸ್ಟ್ ಓಡಿಸಿ. ಕೆಂಪಾಗಬೇಕು. ಆಗದಿದ್ರೆ ನಿಮ್ಮ ಗೇಟಿಗೆ ಕರೆಂಟಿಲ್ಲ. ಕೈಯಲ್ಲಿ ಮಾಡೋಕೆ ಬೇಜಾರಾದ್ರೆ ಜಾವಾದಲ್ಲಿ ಪಿಟ್ ಅಂತ ಒಂದು ಟೂಲ್ ಇದೆ, ಕೋಡನ್ನ ಅಲ್ಲಲ್ಲಿ ತಾನೇ ಕೆಡಿಸಿ, ಯಾವ ಟೆಸ್ಟ್ ಎಚ್ಚರ ಆಗುತ್ತೆ, ಯಾವುದು ಮಲಗಿರುತ್ತೆ ಅಂತ ಪಟ್ಟಿ ಕೊಡುತ್ತೆ. ದೊಡ್ಡ ಪ್ರಾಜೆಕ್ಟ್ ಮೇಲೆ ಓಡಿಸಿದ್ರೆ ರಾತ್ರಿಯೆಲ್ಲ ತಗೊಳ್ಳುತ್ತೆ. ಹಾಗಾಗಿ ಪಾವತಿ ಇರೋ ಒಂದು ಪ್ಯಾಕೇಜಿಗೆ ಮಾತ್ರ ಹಚ್ಚಿ, ಮನೆಗೆ ಹೋಗೋ ಮುಂಚೆ ಶುರು ಮಾಡಿ, ಬೆಳಿಗ್ಗೆ ಬಂದು ಪಟ್ಟಿ ನೋಡಿ.